ಕುದುರೆ ಜೊತೆ ಫೋಟೊ ಶೂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಸುತ್ತಮುತ್ತ ಕುದುರೆ ಸಾಕಿರುವವರಿಗಾಗಿ ಈ ಪುಟ. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಇರಲಿ, ಮಾರ್ವಾಡಿ ತಳಿಯದಿರಲಿ, ಜಟಕಾ ಎಳೆಯುವ ನಾಡಕುದುರೆ ಇರಲಿ, ಇಲ್ಲಿನ ಮಾತು ಬಹುಪಾಲು ಎಲ್ಲಕ್ಕೂ ಹೊಂದುತ್ತದೆ. ಫೋಟೊ ತೆಗೆಯುವ ದಿನವೂ ಕುದುರೆಗೆ ಮಾಮೂಲಿ ದಿನದ ಹಾಗೇ ಅನ್ನಿಸಬೇಕು. ಕೆಳಗೆ ಹೇಳಿರುವುದೆಲ್ಲ ಅದಕ್ಕಾಗಿಯೇ.

ಎಷ್ಟು ದಿನ ಮೊದಲು ತಯಾರಿ ಶುರು ಮಾಡಬೇಕು?

ಮೂರು ವಾರ ಇಟ್ಟುಕೊಳ್ಳಿ. ಮೈಯ ಹೊಳಪು ಒಂದು ದಿನದ ಶಾಂಪೂದಿಂದ ಬರುವುದಿಲ್ಲ. ದಿನಾ 15–20 ನಿಮಿಷ, ಮೊದಲು ರಬ್ಬರ್ ಬ್ರಷ್‌ನಲ್ಲಿ ಸುತ್ತು ಸುತ್ತಾಗಿ, ಆಮೇಲೆ ಮೆತ್ತನೆ ಬ್ರಷ್‌ನಲ್ಲಿ ಕೂದಲು ಮಲಗಿರುವ ದಿಕ್ಕಿಗೆ ಉಜ್ಜಿದರೆ ಚರ್ಮದ ಸಹಜ ಎಣ್ಣೆಯೇ ಕೂದಲಿನ ತುದಿವರೆಗೆ ಹರಡುತ್ತದೆ. ಕ್ಯಾಮೆರಾದಲ್ಲಿ ಮಿಂಚುವುದು ಆ ಎಣ್ಣೆ.

ಲಾಳ ಬದಲಾಯಿಸುವುದಿದ್ದರೆ ಶೂಟಿಗೆ 7ರಿಂದ 10 ದಿನ ಮೊದಲೇ ಮುಗಿಸಿ. ಮೊಳೆ ಜೀವದ ಭಾಗಕ್ಕೆ ತೀರಾ ಹತ್ತಿರ ಹೋಗಿದ್ದರೆ ಕುಂಟು ಕಾಣಿಸಿಕೊಳ್ಳುವುದು ಎರಡು ಮೂರು ದಿನ ಕಳೆದ ಮೇಲೆ. ಎರಡು ಮೂರು ದಿನ ಮೊದಲಷ್ಟೇ ಲಾಳ ಹೊಡೆಸಿದರೆ ಆ ಕುಂಟು ಶೂಟಿನ ದಿನವೇ ಹೊರಬರುವ ಸಾಧ್ಯತೆ ಇದೆ. ಟೆಟನಸ್ ಲಸಿಕೆಯನ್ನೂ ಕೊನೆಯ ವಾರಕ್ಕೆ ಉಳಿಸಬೇಡಿ. ಕೆಲವು ಕುದುರೆಗಳಿಗೆ ಸೂಜಿ ಚುಚ್ಚಿದ ಜಾಗದಲ್ಲಿ ಕತ್ತು ಊದಿ ಬಿಗಿಯಾಗುತ್ತದೆ.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ. ಭತ್ತ ಹಣ್ಣಾದ ಬಯಲು ಬೇಕಿದ್ದರೆ ನವೆಂಬರ್–ಡಿಸೆಂಬರ್. ಆಷಾಢದಲ್ಲಿ ಬೇಡ. ಮೈಸೂರಿನ ಆಷಾಢದ ಗಾಳಿಗೆ ಮರ, ಬಟ್ಟೆ, ಪ್ಲಾಸ್ಟಿಕ್ ಎಲ್ಲವೂ ಪಟಪಟ ಅನ್ನುತ್ತಿರುತ್ತದೆ, ಎಷ್ಟು ಸಾಧುವಾದ ಕುದುರೆಯೂ ತಲೆ ಎತ್ತಿ ನಿಂತುಬಿಡುತ್ತದೆ.

ಹೊತ್ತಿನ ವಿಷಯದಲ್ಲಿ ರಾಜಿ ಬೇಡ. ಸೂರ್ಯ ಹುಟ್ಟಿದ ಮೇಲಿನ ಒಂದೂವರೆ ಗಂಟೆ, ಇಲ್ಲವೇ ಮುಳುಗುವ ಮುನ್ನಿನ ಒಂದೂವರೆ ಗಂಟೆ. ಜನವರಿಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ, ಜೂನ್‌ನಲ್ಲಿ 6 ಗಂಟೆಯ ಆಸುಪಾಸು. ನಡುಹಗಲಿನ ಬಿಸಿಲು ಮೇಲಿನಿಂದ ಬೀಳುವುದರಿಂದ ಹುಬ್ಬಿನ ಮೂಳೆಯ ನೆರಳು ಕಣ್ಣನ್ನು ಮುಚ್ಚಿಹಾಕುತ್ತದೆ. ಕಣ್ಣಲ್ಲಿ ಬೆಳಕಿನ ಚುಕ್ಕೆ ಇಲ್ಲದ ಕುದುರೆ ಫೋಟೊದಲ್ಲಿ ಜೀವ ಇಲ್ಲದ ಹಾಗೆ ಕಾಣುತ್ತದೆ. ಸಂಜೆಗಿಂತ ಬೆಳಿಗ್ಗೆ ವಾಸಿ, ನೊಣದ ಕಾಟ ಕಡಿಮೆ.

ಸ್ನಾನ ಯಾವಾಗ ಮಾಡಿಸಬೇಕು?

ಹಿಂದಿನ ದಿನ ಬೆಳಿಗ್ಗೆ, ಬಿಸಿಲು ಬಂದ ಮೇಲೆ. ಶೂಟಿನ ದಿನವೇ ತೊಳೆದರೆ ಕೂದಲು ಒಣಗುವಷ್ಟರಲ್ಲಿ ಒಳ್ಳೆಯ ಬೆಳಕು ಮುಗಿದಿರುತ್ತದೆ. ಒದ್ದೆ ಮೈಯಲ್ಲಿ ಕುದುರೆ ಕೆಮ್ಮಣ್ಣಿನಲ್ಲಿ ಹೊರಳುವುದೂ ಖಂಡಿತ. ಕುದುರೆಗೆಂದೇ ಮಾಡಿದ ಶಾಂಪೂ ಬಳಸಿ. ಬಟ್ಟೆ ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡೂ ಚರ್ಮದ ಎಣ್ಣೆ ತೆಗೆದು ಮೈಯನ್ನು ಮಂಕು ಮಾಡುತ್ತವೆ. ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ ನೊರೆ ಉಳಿಯದ ಹಾಗೆ ತೊಳೆಯಿರಿ, ಉಳಿದರೆ ತುರಿಕೆ ಶುರುವಾಗಿ ಕುದುರೆ ನಿಂತಲ್ಲಿ ನಿಲ್ಲುವುದಿಲ್ಲ.

ರಾತ್ರಿ ಲಾಯದಲ್ಲಿ ಒಣಹುಲ್ಲು ದಪ್ಪಗೆ ಹಾಸಿ. ಬಿಳಿ ಕುದುರೆಗೆ ಸಗಣಿ, ಗಂಜಲದ ಹಳದಿ ಕಲೆ ಆದರೆ ಬೆಳಿಗ್ಗೆ ಆ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ, ಕಾರ್ನ್‌ಫ್ಲೋರ್ ಉದುರಿಸಿ, ಒಣಗಿದ ಮೇಲೆ ಬ್ರಷ್ ಮಾಡಿ. ಬಿಳಿ ಕಾಲುಗಳಿಗೂ ಇದೇ ಉಪಾಯ.

ಬಾಲ ಮತ್ತು ಕತ್ತಿನ ಕೂದಲನ್ನು ಹೇಗೆ ಸಿದ್ಧ ಮಾಡುವುದು?

ಬಾಲವನ್ನು ಬೆರಳಿನಿಂದ ಬಿಡಿಸಿ, ಬಾಚಣಿಗೆ ಕೊನೆಗೆ. ತುದಿಯಿಂದ ಶುರುಮಾಡಿ ಒಂದೊಂದು ಗೇಣು ಮೇಲೆ ಹೋಗಬೇಕು. ಬುಡದಿಂದ ಎಳೆದರೆ ಕೂದಲು ಕಿತ್ತು ಬರುತ್ತದೆ, ಉದ್ದದ ಬಾಲದ ಒಂದು ಕೂದಲು ಮತ್ತೆ ಅಷ್ಟಾಗಲು ವರ್ಷಗಳೇ ಬೇಕು. ನಿಲ್ಲುವುದು ಕುದುರೆಯ ಪಕ್ಕದಲ್ಲಿ, ಹಿಂದೆ ಅಲ್ಲ.

ಕತ್ತಿನ ಕೂದಲು ಎರಡೂ ಕಡೆ ಹರಡಿದ್ದರೆ ಹಿಂದಿನ ಸಂಜೆ ಒದ್ದೆ ಮಾಡಿ, ಬೇಕಾದ ಬದಿಗೆ ತಂದು ಸಡಿಲವಾಗಿ ಜಡೆ ಹಾಕಿ ಬಿಡಿ. ಬೆಳಿಗ್ಗೆ ಜಡೆ ಬಿಚ್ಚಿ ಒದ್ದೆ ಬ್ರಷ್ ಒಮ್ಮೆ ಆಡಿಸಿದರೆ ಸಾಕು. ಫೋಟೊ ತೆಗೆಯುವ ಬದಿಗೇ ಕೂದಲು ಬೀಳಬೇಕೆಂಬ ಕಟ್ಟಳೆ ಇಲ್ಲ. ಕತ್ತಿನ ಆಕಾರ ಚೆಂದ ಇದ್ದರೆ ಆಚೆ ಬದಿಗೆ ಬಿಟ್ಟು ಕತ್ತನ್ನು ತೋರಿಸುವುದೇ ಮೇಲು.

ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಗೊರಸಿಗೆ ಹಚ್ಚಬಹುದು, ಮೈಗೆ ಬೇಡ. ಮೈಗೆ ಹಚ್ಚಿದರೆ ಧೂಳು ಅಂಟುತ್ತದೆ. ಗೊರಸಿಗೂ ಲಾಯದಲ್ಲೇ ಹಚ್ಚಿಕೊಂಡು ಹೋಗಬೇಡಿ, ದಾರಿಯಲ್ಲೇ ಮಣ್ಣು ಮೆತ್ತಿಕೊಳ್ಳುತ್ತದೆ. ಶೂಟಿನ ಜಾಗದಲ್ಲಿ ಒಂದು ಗೋಣಿಚೀಲ ಹಾಸಿ, ಕುದುರೆಯನ್ನು ಅದರ ಮೇಲೆ ನಿಲ್ಲಿಸಿ, ಗೊರಸಿನ ಅಡಿ ಕೆರೆದು, ಮೇಲೆ ತೊಳೆದು ಒರೆಸಿ, ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಸವರಿ. ಅಂಗಡಿಯಲ್ಲಿ ಸಿಗುವ ಹೊಳಪಿನ ಸ್ಪ್ರೇ ಬಳಸುವುದಾದರೆ ಜೀನು ಕೂರುವ ಜಾಗಕ್ಕೆ ತಾಗಿಸಬೇಡಿ. ಜೀನು ಜಾರಿ ಸವಾರ ಕೆಳಗೆ ಬೀಳುತ್ತಾರೆ.

ನಾವು ಏನು ಉಡಬೇಕು? ಸೀರೆ ಉಟ್ಟು ನಿಲ್ಲಬಹುದಾ?

ಖಂಡಿತ ನಿಲ್ಲಬಹುದು. ಕೆಂಚು ಕುದುರೆಯ ಪಕ್ಕ ಕಡುಹಸಿರು ಅಥವಾ ನೀಲಿ ಮೈಸೂರು ಸಿಲ್ಕ್ ಬಹಳ ಚೆನ್ನಾಗಿ ಕಾಣುತ್ತದೆ. ಕರಿ ಕುದುರೆಗೆ ಸಾಸಿವೆ ಹಳದಿ, ಕೆಂಪು. ಬಿಳಿ ಕುದುರೆಯ ಪಕ್ಕ ಅಚ್ಚ ಬಿಳಿ ಬಟ್ಟೆ ಹಾಕಿದರೆ ಕುದುರೆ ಹಳದಿಯಾಗಿ ಕಾಣುತ್ತದೆ. ಸಣ್ಣ ಚೌಕಳಿ, ದೊಡ್ಡ ಅಕ್ಷರದ ಟೀ ಶರ್ಟ್ ಬೇಡ.

ಬಣ್ಣಕ್ಕಿಂತ ಮುಖ್ಯವಾದದ್ದು ಬಟ್ಟೆಯ ಸದ್ದು ಮತ್ತು ಅಲುಗಾಟ. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಅದಕ್ಕೆ ಸುತ್ತಲೂ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದೆ ಮತ್ತು ಮೂತಿಯ ಕೆಳಗೆ. ಈ ಕಾಣದ ಜಾಗದಿಂದ ಸೆರಗು ತಟ್ಟನೆ ಹಾರಿ ಬಂದರೆ ಅದು ಬೆಚ್ಚುತ್ತದೆ. ಸೆರಗಿಗೆ ಭುಜದಲ್ಲೂ ಸೊಂಟದಲ್ಲೂ ಪಿನ್ ಹಾಕಿ. ಹಾರುವ ಸೆರಗಿನ ಫೋಟೊ ಬೇಕೇ ಬೇಕು ಅಂದರೆ ಅದೇ ಬಟ್ಟೆಯನ್ನು ಎರಡು ವಾರ ಮೊದಲೇ ಲಾಯಕ್ಕೆ ತನ್ನಿ. ಮೊದಲ ದಿನ ದೂರದಲ್ಲಿ ಮಡಿಸಿ ಹಿಡಿದು ತೋರಿಸಿ, ಮೂಸಲು ಬಿಡಿ, ಭುಜಕ್ಕೆ ಸವರಿ, ಆಮೇಲೆ ದಿನಕ್ಕೊಂದಿಷ್ಟು ಬಿಚ್ಚುತ್ತಾ ಹೋಗಿ. ಕುದುರೆ ತಲೆ ತಗ್ಗಿಸಿ ತುಟಿ ಚಪ್ಪರಿಸಿತು ಅಂದರೆ ಒಪ್ಪಿಕೊಂಡಿದೆ ಎಂದರ್ಥ. ಕಣ್ಣಿನ ಬಿಳಿ ಕಾಣುತ್ತಿದೆ, ಮೂಗಿನ ಹೊಳ್ಳೆ ಅಗಲವಾಗಿದೆ ಅಂದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ.

ಮುಡಿದ ಮಲ್ಲಿಗೆಯನ್ನು ಕುದುರೆ ಬಾಯಿ ಹಾಕಿ ಎಳೆಯುತ್ತದೆ, ಕೂದಲೂ ಜೊತೆಗೆ ಹೋಗುತ್ತದೆ. ಗಾಜಿನ ಬಳೆ ಬೇಡ, ಹಗ್ಗ ಎಳೆದಾಗ ಒಡೆದು ಕೈಗೆ ಚುಚ್ಚುತ್ತದೆ. ಕಾಲಿಗೆ ಮುಚ್ಚಿದ ಗಟ್ಟಿ ಶೂ ಇರಲಿ, ಸೀರೆಯ ಅಡಿಯಲ್ಲಿ ಯಾರಿಗೂ ಕಾಣುವುದಿಲ್ಲ. 400 ಕಿಲೊ ತೂಕದ ಪ್ರಾಣಿ ಚಪ್ಪಲಿ ಕಾಲಿನ ಮೇಲೆ ಹೆಜ್ಜೆ ಇಟ್ಟರೆ ಬೆರಳು ಉಳಿಯುವುದಿಲ್ಲ. ಪೇಟ ಧರಿಸುವ ಗಂಡಸರು ಅದರ ಜರಿ ತುರಾಯಿಯನ್ನೂ ಕುದುರೆಗೆ ಮೊದಲೇ ತೋರಿಸಿರಬೇಕು.

ಸೀರೆಯಲ್ಲಿ ಒಂದೇ ಬದಿಗೆ ಕಾಲು ಹಾಕಿ ಏರುವುದಾದರೆ ಕುದುರೆ ನಿಂತಲ್ಲೇ ಇರಲಿ, ಸೈಸ್ (ಕುದುರೆ ನೋಡಿಕೊಳ್ಳುವಾತ) ಹಗ್ಗ ಹಿಡಿದಿರಲಿ. ಆ ಭಂಗಿಯಲ್ಲಿ ನಡೆಸಬೇಡಿ.

ಯಾವ ಜಾಗ ಆರಿಸಿಕೊಳ್ಳಬೇಕು?

ಮೊದಲ ಆಯ್ಕೆ ನಿಮ್ಮ ಲಾಯದ ಸುತ್ತಮುತ್ತಲೇ. ಪರಿಚಯದ ಜಾಗದಲ್ಲಿ ಕುದುರೆ ಅರ್ಧ ಗಂಟೆಯಲ್ಲಿ ಕೊಡುವ ಫೋಟೊವನ್ನು ಹೊಸ ಜಾಗದಲ್ಲಿ ಎರಡು ಗಂಟೆಯಲ್ಲೂ ಕೊಡುವುದಿಲ್ಲ. ಹಿನ್ನೆಲೆಯಲ್ಲಿ ವಿದ್ಯುತ್ ಕಂಬ, ನೀರಿನ ಟ್ಯಾಂಕು, ನಿಲ್ಲಿಸಿದ ಬೈಕು ಬಾರದಂತೆ ನೋಡಿಕೊಂಡರೆ ಮುಗಿಯಿತು.

ಮಂಡ್ಯದ ಕಡೆ ಎಲ್ಲರೂ ಕೇಳುವುದು ಕಬ್ಬಿನ ಗದ್ದೆ. ಹಿನ್ನೆಲೆಯಾಗಿ ಅದಕ್ಕಿಂತ ಚೆಲುವಾದ ಹಸಿರು ಗೋಡೆ ಇಲ್ಲ. ಆದರೆ ಗದ್ದೆಯ ಹೊರಗೆ, ಬದುವಿನಿಂದ ಕನಿಷ್ಠ 10 ಮೀಟರ್ ಈಚೆ ನಿಲ್ಲಿಸಿ. ಕಬ್ಬಿನ ಗರಿಯ ಅಂಚು ಗರಗಸದ ಹಾಗಿದ್ದು ಕುದುರೆಯ ಮೂತಿ, ಕಣ್ಣು ಕೊಯ್ಯುತ್ತದೆ. ಹಂದಿ ಕಾಟಕ್ಕೆ ಎಳೆದ ತಂತಿ ಗರಿಗಳ ನಡುವೆ ಕಾಣುವುದಿಲ್ಲ, ಹಾಗಾಗಿ ಗದ್ದೆಯವರನ್ನು ಕೇಳಿಯೇ ಹೋಗಿ. ಈ ಭಾಗದ ಕಬ್ಬಿನಲ್ಲಿ ಚಿರತೆ ಮರಿ ಹಾಕುವುದುಂಟು. ಕುದುರೆ ಒಂದು ಕಡೆಗೆ ಹೆಜ್ಜೆಯನ್ನೇ ಇಡಲಾರೆ ಅಂದರೆ ಬಲವಂತ ಮಾಡಬೇಡಿ, ಅದರ ಮೂಗಿಗೆ ಏನೋ ಬಡಿದಿರುತ್ತದೆ.

ಭತ್ತದ ಕಣದ ಹತ್ತಿರ ಹಗ್ಗ ಬಿಡಬೇಡಿ. ಎಲ್ಲರೂ ಫೋಟೊ ನೋಡುತ್ತಿರುವಾಗ ಕುದುರೆ ರಾಶಿಗೆ ಬಾಯಿ ಹಾಕಿ ಹೊಟ್ಟೆ ತುಂಬ ತಿಂದರೆ ಹೊಟ್ಟೆಶೂಲೆ ಬರುತ್ತದೆ. ಮುಂದಿನ ದಿನಗಳಲ್ಲಿ ಗೊರಸಿನ ಒಳಗೆ ಉರಿಯೂತವಾಗಿ ಕಾಲೇ ಊರಲಾಗದ ಸ್ಥಿತಿಯೂ ಬರಬಹುದು.

ರೆಸಾರ್ಟ್, ಕಲ್ಯಾಣ ಮಂಟಪದ ತೋಟಗಳಲ್ಲಿ ಮೊದಲು ನೋಡಬೇಕಾದದ್ದು ಕಣಗಿಲೆ ಗಿಡ. ಹೂವು ಚೆಂದ, ಆದರೆ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಕೆಲವೇ ಎಲೆಗಳು ಕುದುರೆಯ ಹೃದಯವನ್ನು ನಿಲ್ಲಿಸಬಲ್ಲವು, ಒಣಗಿ ಉದುರಿದ ಎಲೆಯೂ ಅಷ್ಟೇ ವಿಷ. ಲಾಂಟಾನವೂ ಬೇಡ. ಹಿಂದಿನ ದಿನ ಒಬ್ಬರು ಹೋಗಿ ಜಾಗ ಸುತ್ತಿ ಬರಲೇಬೇಕು ಎನ್ನುವುದು ಇದಕ್ಕಾಗಿ.

ಕಾವೇರಿಯ ದಡದಲ್ಲಿ ತೆಗೆಯಿರಿ, ನೀರಿಗೆ ಇಳಿಸಬೇಡಿ. ಬಂಡೆಯ ಮೇಲಿನ ಪಾಚಿಯ ಮೇಲೆ ಲಾಳ ಜಾರುತ್ತದೆ. ರಂಗನತಿಟ್ಟಿನ ಸುತ್ತಿನ ನದಿಯಲ್ಲಿ ಮೊಸಳೆಗಳಿವೆ. ಮಳೆಗಾಲದಲ್ಲಿ ಕೆ.ಆರ್.ಎಸ್. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಟ್ಟ ಬೇಗ ಏರುತ್ತದೆ. ನಾಲೆಯ ಏರಿಯೂ ಬೇಡ. ಅಲ್ಲಿ ಕುದುರೆ ಜಾರಿ ಬಿದ್ದರೆ ಕಡಿದಾದ ಕಾಂಕ್ರೀಟ್ ಪಕ್ಕೆಯನ್ನು ಹತ್ತಿ ಬರಲಾರದು.

ಅನುಮತಿ ಎಲ್ಲೆಲ್ಲಿ ಬೇಕು?

ಸ್ವಂತ ಜಾಗದಲ್ಲಿ ಮನೆಯವರ ಫೋಟೊಗೆ ಬೇಡ. ಬೇರೆಯವರ ಗದ್ದೆಯಾದರೆ ಮಾಲೀಕರನ್ನು ಕೇಳಿ, ತುಳಿದು ಹಾಳಾದ ಬೆಳೆಗೆ ಹಣ ಕೊಡುವ ಮಾತೂ ಮೊದಲೇ ಆಗಲಿ. ದರಿಯಾ ದೌಲತ್ ಬಾಗ್‌ನಂಥ ರಕ್ಷಿತ ಸ್ಮಾರಕಗಳ ಆವರಣ, ರಂಗನತಿಟ್ಟು ಪಕ್ಷಿಧಾಮ, ಅರಮನೆಯ ಒಳಗೆ ಕುದುರೆ ಒಯ್ಯುವ ಯೋಚನೆ ಬಿಡಿ. ಸಿನಿಮಾ, ಜಾಹೀರಾತಿಗೆ ಕುದುರೆ ಕೊಡುವುದಾದರೆ 2001ರ ಪ್ರದರ್ಶನ ಪ್ರಾಣಿಗಳ ನಿಯಮಗಳಡಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು. ಅದನ್ನು ಶೂಟಿಂಗ್ ನಡೆಸುವವರಿಂದ ಬರಹದಲ್ಲಿ ಪಡೆದು ಇಟ್ಟುಕೊಳ್ಳಿ. ಬೇರೆ ಲಾಯದ ಕುದುರೆಗಳ ಜೊತೆ ನಿಲ್ಲಿಸುವಾಗ ಪಶುವೈದ್ಯರ ಆರೋಗ್ಯ ಪತ್ರ ನೋಡಿ. ಗ್ಲ್ಯಾಂಡರ್ಸ್ ಎಂಬುದು ಕುದುರೆಗಳಿಂದ ಮನುಷ್ಯರಿಗೂ ಹರಡುವ ಕಾಯಿಲೆ. ನೀರಿನ ಬಕೆಟ್ ಹಂಚಿಕೊಳ್ಳಬೇಡಿ.

ಹಾಲ್ಟರ್ ಹಾಕಬೇಕಾ, ಕಡಿವಾಣವಾ?

ಕೈಯಲ್ಲಿ ಹಿಡಿದು ನಿಲ್ಲಿಸುವ ಫೋಟೊಗೆ ಅಳತೆಗೆ ಸರಿಯಾದ ಚರ್ಮದ ಹಾಲ್ಟರ್ (ಬಾಯೊಳಗೆ ಕಬ್ಬಿಣ ಹೋಗದ ಮುಖಪಟ್ಟಿ) ಸಾಕು. ಕೆನ್ನೆಗೂ ಪಟ್ಟಿಗೂ ನಡುವೆ ಎರಡು ಬೆರಳು ಆಡಬೇಕು. ಬಣ್ಣಬಣ್ಣದ ನೈಲಾನ್ ಹಾಲ್ಟರನ್ನು ರಾತ್ರಿಯಿಡೀ ಹಾಕಿದ್ದರೆ ಮುಖದ ಕೂದಲಿನಲ್ಲಿ ಗೀರು ಮೂಡಿರುತ್ತದೆ, ಶೂಟಿಗೆ ಒಂದು ಗಂಟೆ ಮೊದಲೇ ತೆಗೆದು ಆ ಜಾಗವನ್ನು ಒದ್ದೆ ಬಟ್ಟೆಯಿಂದ ಸವರಿ.

ಹಾಲ್ಟರೇ ಕಾಣದ ಫೋಟೊ ಬೇಕೆಂದು ಬಯಲಿನಲ್ಲಿ ಅದನ್ನು ಬಿಚ್ಚಬೇಡಿ. ತೆಳ್ಳನೆಯ ಹಾಲ್ಟರ್ ಹಾಕಿ, ಹಗ್ಗವನ್ನು ಮೈಯ ಮೇಲೆ ಬಾರದಂತೆ ಹೊರಗೆ ಹಿಡಿದು ತೆಗೆಯಿರಿ. ಕ್ಯಾಮೆರಾ ಅಲುಗಿಸದೆ, ಕುದುರೆಯೂ ಸೈಸೂ ಇಲ್ಲದ ಖಾಲಿ ಹಿನ್ನೆಲೆಯನ್ನೂ ಒಂದು ಕ್ಲಿಕ್ ಮಾಡಿಕೊಳ್ಳಿ. ಆಮೇಲೆ ಕಂಪ್ಯೂಟರಿನಲ್ಲಿ ಹಗ್ಗವನ್ನೂ ಹಿಡಿದವರನ್ನೂ ಅಳಿಸುವುದು ಹತ್ತು ನಿಮಿಷದ ಕೆಲಸ.

ಮದುವೆ ಮೆರವಣಿಗೆಯ ಕುದುರೆಗಳಿಗೆ ಹಾಕುವ ಮುಳ್ಳಿನ ಕಡಿವಾಣವನ್ನು ದಯವಿಟ್ಟು ಒಪ್ಪಬೇಡಿ. 1965ರ ನಿಯಮಗಳಲ್ಲೇ ಅದಕ್ಕೆ ನಿಷೇಧವಿದೆ. ಬಾಯಿಯೊಳಗೆ ಗಾಯವಾಗಿರುವ ಕುದುರೆ ಬಾಯಿ ತೆರೆದು, ತಲೆ ಮೇಲೆತ್ತಿ, ಕಣ್ಣು ಅಗಲಿಸಿ ನಿಲ್ಲುತ್ತದೆ. ನೋಡುವವರಿಗೆ ಅದು ಠೀವಿ ಅನ್ನಿಸಬಹುದು, ಆದರೆ ಅದು ನೋವು. ಬಾಡಿಗೆಗೆ ಕುದುರೆ ತರುವ ಮುನ್ನ ಕಡಿವಾಣ ಬಿಚ್ಚಿಸಿ ಕೈಯಲ್ಲಿ ಹಿಡಿದು ನೋಡಿ.

ಕಿವಿ ಮುಂದಕ್ಕೆ ನಿಮಿರುವ ಹಾಗೆ ಮಾಡುವುದು ಹೇಗೆ?

ಕುದುರೆಯ ಫೋಟೊ ಎದ್ದು ಕಾಣುವುದು ಕಿವಿಯಿಂದ. ಮಾರ್ವಾಡಿ, ಕಾಠಿಯಾವಾಡಿ ತಳಿಗಳಲ್ಲಂತೂ ಒಳಕ್ಕೆ ಬಾಗಿದ ಕಿವಿಗಳ ತುದಿ ಒಂದನ್ನೊಂದು ಮುಟ್ಟುವ ಗಳಿಗೆಯೇ ಫೋಟೊ. ಇದಕ್ಕೆ ಒಬ್ಬ ಸಹಾಯಕ ಬೇಕು. ಆತ ಫೋಟೊಗ್ರಾಫರ್ ಹಿಂದೆ, ಕುದುರೆ ನೋಡಬೇಕಾದ ದಿಕ್ಕಿನಲ್ಲಿ 5–6 ಮೀಟರ್ ದೂರ ನಿಲ್ಲಬೇಕು. ಸ್ಟೀಲ್ ಬಕೆಟ್ಟಿನಲ್ಲಿ ಒಂದು ಹಿಡಿ ಹುರುಳಿ ಹಾಕಿ ಒಮ್ಮೆ ಅಲ್ಲಾಡಿಸಿದರೆ ಕಿವಿ ತಟ್ಟನೆ ನಿಲ್ಲುತ್ತದೆ. ಆ ಎರಡು ಸೆಕೆಂಡಿನಲ್ಲಿ ಕ್ಲಿಕ್ ಆಗಬೇಕು, ಅಂದರೆ ಸದ್ದಿಗೆ ಮುಂಚೆಯೇ ಫೋಕಸ್ ಸಿದ್ಧವಿರಬೇಕು. ಮೊಬೈಲ್‌ನಲ್ಲಿ ಕುದುರೆ ಕೆನೆಯುವ ಸದ್ದು, ಕನ್ನಡಿ, ಒಣ ಎಲೆಯ ಚರಪರ, ಇವೂ ನಡೆಯುತ್ತವೆ.

ಒಂದೇ ಸದ್ದು ಮೂರು ನಾಲ್ಕು ಸಲಕ್ಕೆ ಹಳತಾಗುತ್ತದೆ. ಆದ್ದರಿಂದ ಎಲ್ಲ ಸಿದ್ಧವಾಗುವವರೆಗೆ ಯಾರೂ ಸದ್ದು ಮಾಡಬಾರದು. ಸುತ್ತ ನಿಂತ ನಾಲ್ಕು ಜನ ನಾಲ್ಕು ಕಡೆಯಿಂದ ಚಪ್ಪಾಳೆ ಹೊಡೆದರೆ ಒಂದು ಕಿವಿ ಆಚೆ, ಒಂದು ಈಚೆ. ಕೆಲಸ ಮಾಡಿದ ಕುದುರೆಗೆ ಆ ಹುರುಳಿ ಒಂದಿಷ್ಟು ಸಿಗಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಬಕೆಟ್ಟಿನ ಕಡೆ ನೋಡುವುದಿಲ್ಲ. ಅಡಿಕೆ ಗಾತ್ರದ ಬೆಲ್ಲದ ಚೂರನ್ನು ಮಾತ್ರ ಕೊನೆಗೆ ಕೊಡಿ. ಮೊದಲೇ ಕೊಟ್ಟರೆ ಜೊಲ್ಲು ಸುರಿದು ಸೀರೆಗೆ ಅಂಟುತ್ತದೆ.

ಇಡೀ ಮೈ ಕಾಣುವ ಫೋಟೊಗೆ ಕಾಲು ಹೇಗಿರಬೇಕು?

ನಾಲ್ಕೂ ಕಾಲು ಬೇರೆ ಬೇರೆಯಾಗಿ ಕಾಣಬೇಕು. ಕ್ಯಾಮೆರಾ ಕಡೆಯ ಮುಂಗಾಲು ನೆಟ್ಟಗೆ, ಆಚೆಯದು ಒಂದು ಗೇಣು ಹಿಂದೆ. ಕ್ಯಾಮೆರಾ ಕಡೆಯ ಹಿಂಗಾಲು ಹಿಂದೆ, ಆಚೆಯದು ಸ್ವಲ್ಪ ಮುಂದೆ. ಕಾಲನ್ನು ಕೈಯಿಂದ ಎಳೆದು ಇಡಬೇಡಿ. ಒಂದು ಹೆಜ್ಜೆ ಹಿಂದೆ ತಳ್ಳಿ, ಮತ್ತೆ ಮುಂದೆ ಕರೆದರೆ ಎರಡು ಮೂರು ಪ್ರಯತ್ನದಲ್ಲಿ ತಾನಾಗಿ ಸರಿಯಾಗುತ್ತದೆ. ನೆಲ ಸಮವಾಗಿರಲಿ, ಮುಂಗಾಲು ಎರಡಂಗುಲ ಎತ್ತರದಲ್ಲಿದ್ದರೆ ನಷ್ಟವಿಲ್ಲ, ತಗ್ಗಿನಲ್ಲಿ ಬೇಡ. ಗೊರಸು ಹುಲ್ಲಿನಲ್ಲಿ ಮುಳುಗಬಾರದು.

ಯಾವ ಲೆನ್ಸ್? ಮೊಬೈಲ್ ಸಾಕಾ?

70–200 ಮಿ.ಮೀ. ಲೆನ್ಸ್ ಇದ್ದರೆ 135ರಿಂದ ಮೇಲೆ ಇಟ್ಟು ದೂರದಿಂದ ತೆಗೆಯಿರಿ. ಅಗಲದ ಲೆನ್ಸ್‌ನಲ್ಲಿ ಹತ್ತಿರ ಹೋದರೆ ಮೂತಿ ಕೊಡಪಾನದಷ್ಟು ದೊಡ್ಡದಾಗಿ, ಮೈ ಮೇಕೆಯಷ್ಟಾಗುತ್ತದೆ. ಮೊಬೈಲ್‌ನಲ್ಲೂ ಅದೇ ತಪ್ಪು ಆಗುವುದು. 2 ಅಥವಾ 3 ಪಟ್ಟು ಝೂಮ್ ಲೆನ್ಸ್ ಆರಿಸಿ ಹತ್ತು ಹೆಜ್ಜೆ ಹಿಂದೆ ಸರಿಯಿರಿ. ಕ್ಯಾಮೆರಾ ನಿಮ್ಮ ಕಣ್ಣಿನ ಮಟ್ಟದಲ್ಲಲ್ಲ, ಕುದುರೆಯ ಹೊಟ್ಟೆಯ ಮಟ್ಟದಲ್ಲಿರಲಿ, ಇಲ್ಲದಿದ್ದರೆ ಕಾಲು ಗಿಡ್ಡವಾಗುತ್ತವೆ. ನಿಂತ ಕುದುರೆಗೆ ಶಟರ್ ವೇಗ 1/500 ಸೆಕೆಂಡ್, ಓಡುವುದಕ್ಕೆ 1/1250 ಅಥವಾ ಅದಕ್ಕಿಂತ ವೇಗ. ಫ್ಲ್ಯಾಶ್ ಬೇಡ.

ಕರಿ ಕುದುರೆ ಬರೀ ನೆರಳಿನ ಹಾಗೆ ಬರುತ್ತದೆ. ಏನು ಮಾಡುವುದು?

ಇಳಿಬಿಸಿಲು ಪಕ್ಕದಿಂದ ಮೈಗೆ ಬೀಳುವಂತೆ ನಿಲ್ಲಿಸಿ. ಹೊಳಪು ಗೆರೆಗೆರೆಯಾಗಿ ಮೂಡಿದಾಗಲೇ ಮಾಂಸಖಂಡದ ಆಕಾರ ಕಾಣುವುದು. ಬಿಳಿ ಕುದುರೆಗೆ ಇದರ ತಿರುವುಮುರುವು, ತೆಳು ಮೋಡ ಅಥವಾ ಮರದ ಅಂಚಿನ ನೆರಳು ಒಳ್ಳೆಯದು. ನೇರ ಬಿಸಿಲಿನಲ್ಲಿ ಬೆನ್ನಿನ ಕೂದಲಿನ ವಿವರವೆಲ್ಲ ಸುಟ್ಟುಹೋಗುತ್ತದೆ.

ಸ್ಟುಡಿಯೊ ಹಾಗೆ ಪೂರ್ತಿ ಕಪ್ಪು ಹಿನ್ನೆಲೆ ಬೇಕು ಅಂದರೆ?

ಲಾಯದ ಬಾಗಿಲೇ ಸ್ಟುಡಿಯೊ. ಒಳಗಿನ ದೀಪ ಆರಿಸಿ, ಹಿಂದಿನ ಕಿಟಕಿಗೆ ಗೋಣಿ ಕಟ್ಟಿ ಮುಚ್ಚಿ. ಕುದುರೆಯ ತಲೆ, ಕತ್ತು ಬಾಗಿಲಿನ ಹೊಸ್ತಿಲಿಗೆ ಬರುವಂತೆ ನಿಲ್ಲಿಸಿ. ಹೊರಗಿನ ಬೆಳಕು ಮುಖದ ಮೇಲೆ ಬೀಳಬೇಕು, ಬಿಸಿಲು ನೇರ ತಾಗಬಾರದು. ಮೊಬೈಲ್‌ನಲ್ಲಾದರೆ ಕುದುರೆಯ ಕೆನ್ನೆಯ ಮೇಲೆ ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಇಳಿಸಿ. ಒಳಗಿನ ಕತ್ತಲು ಅಚ್ಚ ಕಪ್ಪಾಗುತ್ತದೆ. ಕತ್ತಲಿನಿಂದ ಬೆಳಕಿಗೆ ಬಂದಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಸಮಯ ಬೇಕು, ಎರಡು ನಿಮಿಷ ಸುಮ್ಮನೆ ನಿಲ್ಲಲು ಬಿಡಿ.

ಓಡುವ ಫೋಟೊ?

ಬೇಲಿ ಇರುವ ಜಾಗದಲ್ಲಿ ಮಾತ್ರ, ಫೋಟೊಗ್ರಾಫರ್ ಬೇಲಿಯ ಹೊರಗೆ. ಬೇಸಿಗೆಯ ಕೆರೆ ಅಂಗಳ ಮೇಲೆ ಒಣಗಿ ಒಳಗೆ ಕೆಸರಾಗಿರುತ್ತದೆ, ಕೊಯ್ದ ಗದ್ದೆಯಲ್ಲಿ ಬಿರುಕು ಇರುತ್ತದೆ. ಎರಡರಲ್ಲೂ ಕಾಲು ಮುರಿಯುವ ಅಪಾಯ ಉಂಟು. ಕಾಳು ತಿಂದ ಒಂದು ಗಂಟೆಯೊಳಗೆ ಓಡಿಸಬೇಡಿ.

ಜಟಕಾ ಗಾಡಿ ಕಟ್ಟಿ ತೆಗೆಯುವಾಗ ಏನು ಗಮನಿಸಬೇಕು?

ಕಣ್ಣು ಕಾಣಲಿ ಅಂತ ಕಣ್ಣುಪಟ್ಟಿ ಬಿಚ್ಚಬೇಡಿ. ಗಾಡಿಗೆ ಕಟ್ಟಿರುವಾಗ ಪಟ್ಟಿ ತೆಗೆದರೆ ಬೆನ್ನ ಹಿಂದೆ ದೊಡ್ಡದೇನೋ ಅಟ್ಟಿಸಿಕೊಂಡು ಬರುತ್ತಿದೆ ಎಂದು ಕುದುರೆ ಗಾಡಿ ಸಮೇತ ಓಡುತ್ತದೆ. ಮುಖದ ಫೋಟೊ ಬೇಕಿದ್ದರೆ ಗಾಡಿಯಿಂದ ಪೂರ್ತಿ ಬಿಚ್ಚಿ ತೆಗೆಯಿರಿ. ಹಿತ್ತಾಳೆ ಸಾಮಾನನ್ನು ಹುಣಸೆಹಣ್ಣಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಒರೆಸಿಯೇ ಹಾಕಿ.

ಡ್ರೋನ್, ಬಣ್ಣದ ಹೊಗೆ, ಪಟಾಕಿ?

ಬೇಡ. ಡ್ರೋನಿನ ಗುಂಯ್ ಸದ್ದಿಗೆ ಮೊದಲೇ ರೂಢಿ ಇಲ್ಲದ ಕುದುರೆ ಹಗ್ಗ ಕಿತ್ತುಕೊಳ್ಳುತ್ತದೆ, ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತ ಹಾರಿಸಲು ನಿರ್ಬಂಧವೂ ಇದೆ. ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮೈಗೆ ಬಣ್ಣ, ಮಿನುಗು ಹಚ್ಚುವುದೂ ಬೇಡ.

ಸುಮ್ಮನೆ ನಿಲ್ಲದ ಕುದುರೆಗೆ ಮಂಪರಿನ ಇಂಜೆಕ್ಷನ್ ಕೊಡಿಸಬಹುದಾ?

ಖಂಡಿತ ಕೊಡಿಸಬಾರದು. ಕಿವಿ ಜೋತು, ಕೆಳತುಟಿ ಇಳಿಬಿದ್ದು, ಕಾಲು ತೂರಾಡುತ್ತದೆ. ಅಂಥ ಕುದುರೆಯ ಪಕ್ಕ ಮಗುವನ್ನು ನಿಲ್ಲಿಸುವುದಂತೂ ದೊಡ್ಡ ಅಪಾಯ. ಬದಲಿಗೆ ಅರ್ಧ ಗಂಟೆ ಮೊದಲು ನಡೆದಾಡಿಸಿ, ಜೊತೆಯ ಕುದುರೆಯೊಂದನ್ನು ಕಣ್ಣಿಗೆ ಕಾಣುವ ಹಾಗೆ ಕಟ್ಟಿ. ಬಹಳಷ್ಟು ಕುದುರೆಗಳು ಒಂಟಿಯಾದ ಕಾರಣಕ್ಕೇ ಚಡಪಡಿಸುತ್ತವೆ.

ಒಟ್ಟು ಎಷ್ಟು ಹೊತ್ತು, ಯಾವ ಕ್ರಮದಲ್ಲಿ?

ಒಂದು ಗಂಟೆ ಮೊದಲು ತಲುಪಿ ಜಾಗವನ್ನು ಸುತ್ತಾಡಿಸಿ. ಆಮೇಲೆ ಒಂದರಿಂದ ಒಂದೂವರೆ ಗಂಟೆ ಕೆಲಸ, ಪ್ರತಿ 20 ನಿಮಿಷಕ್ಕೆ ವಿಶ್ರಾಂತಿ, ನೀರು. ಮೊದಲು ಜೀನಿಲ್ಲದ ಮುಖ ಮತ್ತು ಮೈ, ಆಮೇಲೆ ಮನೆಯವರ ಜೊತೆ, ಆಮೇಲೆ ಜೀನು ಹಾಕಿ ಸವಾರಿ, ಕೊನೆಗೆ ಓಟ. ಈ ಕ್ರಮ ತಪ್ಪಿದರೆ ಜೀನಿನ ಬೆವರಿನ ಗುರುತು ಉಳಿದ ಎಲ್ಲ ಫೋಟೊದಲ್ಲೂ ಕಾಣುತ್ತದೆ. ಎರಡು ಒದ್ದೆ ಬಟ್ಟೆ ಇಟ್ಟುಕೊಳ್ಳಿ, ಒಂದು ಕಣ್ಣಿಗೆ, ಇನ್ನೊಂದು ಮೂಗು ಬಾಯಿಗೆ. ಹಗ್ಗವನ್ನು ಯಾರೂ ಕೈಗೆ ಸುತ್ತಿಕೊಳ್ಳಬಾರದು.

ನಮ್ಮ ಕುದುರೆಗೆ ವಯಸ್ಸಾಗಿದೆ, ಬೆನ್ನು ಬಗ್ಗಿದೆ. ನೆನಪಿಗೆ ಒಂದು ಫೋಟೊ ಬೇಕು.

ದಯವಿಟ್ಟು ಮುಂದೂಡಬೇಡಿ. ಲಾಯದಿಂದ ಹೊರಗೆ ಕರೆದೊಯ್ಯುವುದು ಬೇಡ, ನಡೆಸುವುದೂ ಬೇಡ. ಇಡೀ ಮೈಯ ಬದಲು ಕತ್ತಿನಿಂದ ಮೇಲೆ ತೆಗೆಯಿರಿ, ಎದುರಿನಿಂದ ಸ್ವಲ್ಪ ಓರೆಯಾಗಿ ನಿಂತರೆ ಬೆನ್ನಿನ ಬಾಗು ಕಾಣುವುದಿಲ್ಲ. ಕಣ್ಣಿನ ಮೇಲಿನ ಗುಳಿ, ಹಣೆಯ ನರೆಗೂದಲು ಹಾಗೇ ಇರಲಿ, ಕಂಪ್ಯೂಟರಿನಲ್ಲಿ ತಿದ್ದಿಸಬೇಡಿ. ದಿನಾ ಮೇವು ಹಾಕುವವರೇ ಪಕ್ಕದಲ್ಲಿ ನಿಂತು, ದಿನಾ ಸವರುವ ಜಾಗದಲ್ಲೇ ಕೈ ಇಡಲಿ. ಕುದುರೆ ತಾನಾಗಿ ತಲೆ ತಗ್ಗಿಸಿ ಅವರ ಎದೆಗೆ ಒರಗಿಸುವವರೆಗೆ ಕ್ಯಾಮೆರಾ ಹಿಡಿದವರು ದೂರದಲ್ಲಿ ಕಾಯಬೇಕು. ಸದ್ದಿಲ್ಲದ ಶಟರ್ ಹಾಕಿಕೊಂಡಿರಿ.